ವಿಯೆನ್ನಾದಲ್ಲಿ ಎಳ್ಳಮಾವಾಸ್ಯೆ

ವಿಯೆನ್ನಾದ ದೊಡ್ಡ ಚರ್ಚಿನ ಬಾಗಿಲಲ್ಲಿ ನಾವು ಗೆಳೆಯರು ಮೂವರೂ ಬೂಟು ಬಿಚ್ಚಿದೆವು. ಯಾರೂ ಬಿಚ್ಚಿ ಎಂದಿರಲಿಲ್ಲ. ದೇವರ ಜಾಗ ಅಂದಮೇಲೆ ಕಾಲಿನದು ಹೊರಗೆ, ಅದಕ್ಕೆ ಹೇಳುವವರು ಯಾಕೆ ಬೇಕು? ಕಂಡಕ್ಟರ ತನ್ನ ಬೂಟನ್ನು ಗೋಡೆಗೆ ಒತ್ತಿ ಇಟ್ಟ, ಅದರ ಪಕ್ಕಕ್ಕೆ ಮಾಸ್ತರನದು, ಅದರ ಪಕ್ಕಕ್ಕೆ ನನ್ನದು, ಬಸ್ಸಿನಲ್ಲಿ ಮಂದಿಯನ್ನು ಸರಿಸಿ ಕೂಡಿಸಿದ ಹಾಗೆ. ಡಿಸೆಂಬರ್ ತಿಂಗಳು. ಒಳಗೆ ಕಲ್ಲಿನ ನೆಲ. ನಮ್ಮ ಕಾಲುಚೀಲ ಹುಮನಾಬಾದದ ಬಜಾರಿನವು, ಅಲ್ಲಿಯ ಚಳಿಗೆ ಹೊಲಿದವು.

"ಲೇ, ಎಲ್ಲಾರೂ ಬೂಟ ಹಾಕ್ಕೊಂಡೇ ಹೊಂಟಾರಲ್ಲೋ," ಎಂದ ಮಾಸ್ತರ.

"ಅವ್ರ ದೇವ್ರು, ಅವ್ರ ಮರ್ಜಿ. ನಾವು ಮಂದಿ ಮನಿಗಿ ಬಂದೀವಿ, ಜರಾ ಅದಬಿಲೆ ಇರಬೇಕು," ಎಂದ ಕಂಡಕ್ಟರ.

ಒಬ್ಬ ಮುದುಕಿ ನಮ್ಮ ಪಾದ ನೋಡಿ ನಕ್ಕಳು, ನಗುತ್ತಲೇ ಎದೆಗೆ ಕೈ ಮುಟ್ಟಿಸಿಕೊಂಡಳು. ನಾನು ತಲೆ ಎತ್ತಿ ನೋಡಿದೆ. ಬಹಳ ಎತ್ತರ ಇತ್ತು. ಬಣ್ಣದ ಗಾಜುಗಳಿದ್ದವು. ಎತ್ತರ ಇದೆ, ಗಾಜು ಇವೆ ಎಂದು ನನಗೆ ನಾನೇ ವರದಿ ಒಪ್ಪಿಸಿದೆ. ಅದಕ್ಕಿಂತ ಹೆಚ್ಚು ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಪಾದ ಜೋಮು ಹಿಡಿದು, ಕೆಳಗೆ ನೆಲ ಇದೆಯೋ ಇಲ್ಲವೋ ತಿಳಿಯದಂತಾಯಿತು. ಕಂಡಕ್ಟರ ಒಂದು ಕಾಲ ಮೇಲೆ ಇನ್ನೊಂದು ಇಟ್ಟು ಕುಣಿಯುತ್ತಿದ್ದ.

"ನಿಂಗ ಥಂಡಿ ಹತ್ತವಲ್ದೇನಲೇ?" ಎಂದು ನನ್ನನ್ನು ಕೇಳಿದ.

ಇಲ್ಲ ಎಂದೆ. ಸುಳ್ಳೇನೂ ಹೇಳಲಿಲ್ಲ. ನನಗೆ ಹಾಗಾಗಿ ಆರು ತಿಂಗಳಾಗಿತ್ತು.

ಜೂನಿನಲ್ಲಿ ಮಿರಗದ ಮಳೆ ಬಿದ್ದ ವಾರ ನನ್ನ ಹೆಂಡತಿ ತೀರಿಕೊಂಡಳು. ಕಿಡ್ನಿ ಕೆಟ್ಟು ಎರಡು ವರ್ಷ ಬೀದರಿನ ಆಸ್ಪತ್ರೆಗೆ ಓಡಾಡಿದ್ದೆವು, ಹಾಗಾಗಿ ಹಠಾತ್ತಾಗಿ ಹೋದಳು ಅನ್ನಲಾರೆ. ಮಣ್ಣು ಮಾಡಿ ಬಂದ ಮೇಲೆ ನಾನು ಬಂದವರಿಗೆಲ್ಲ ಚಹಾ ಆಯಿತೇ ಎಂದು ವಿಚಾರಿಸಿದೆ. ಮೂರನೆಯ ದಿನ ಅಂಗಡಿ ತೆರೆದೆ. ಹುಮನಾಬಾದದಲ್ಲಿ ಹೆದ್ದಾರಿ ಬದಿಗೆ ನನ್ನದು ಮೋಟರ್ ರಿಪೇರಿ ಅಂಗಡಿ. ಸುಟ್ಟ ಪಂಪಿನ ಮೋಟರು ಬಿಚ್ಚಿ ತಾಮ್ರದ ತಂತಿಯನ್ನು ಹೊಸದಾಗಿ ಸುತ್ತುವ ಕೆಲಸ. ಸುತ್ತಿದೆ. ಕೈ ಒಂದು ಸಲವೂ ತಪ್ಪಲಿಲ್ಲ. ಗಿರಾಕಿಗಳು ದನಿ ಇಳಿಸಿಕೊಂಡು ಒಳಗೆ ಬರುವರು, ನಾನು ಎಂದಿನ ಹಾಗೆ ಮಾತಾಡುವುದನ್ನು ಕಂಡು ಗಾಬರಿಯಾಗಿ ಹೊರಗೆ ಹೋಗುವರು. ಅವರಿಗೆ ಬೇಕಾದ ಮುಖ ನನ್ನ ಹತ್ತಿರ ಇರಲಿಲ್ಲ, ಎಲ್ಲಿಂದ ತರಲಿ?

ಮಂದಿಯದು ಬಿಡಿ. ಮಗಳದು ಹಾಗಲ್ಲ. ಒಬ್ಬಳೇ ಮಗಳು. ಬಸವಕಲ್ಯಾಣದಲ್ಲಿ ಸಂಸಾರ, ಅಲ್ಲೇ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಮೊದಮೊದಲು ಪ್ರತಿ ರವಿವಾರ ಬಂದು, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸುತ್ತ, ಅಳುತ್ತ, ನಡುನಡುವೆ ನನ್ನ ಮುಖ ನೋಡುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು.

"ಅಪ್ಪಾ, ನಿಂಗ ಅವ್ವನ ನೆನಪೇ ಆಗಲ್ಲೇನು?"

"ಆಗ್ತದವ್ವಾ."

"ಮತ್ತ? ಒಂದ್ ಹನಿ ಕಣ್ಣೀರ್ ಸುದ್ದಾ ಬರಲ್ಲೇನು? ಈ ಮನ್ಯಾಗ ನಾ ಒಬ್ಬಾಕಿನೇ ಅಳಬೇಕೇನು?"

ಕೈಯಲ್ಲಿ ಚಹಾದ ಕಪ್ಪು ಇತ್ತು, ಕುಡಿದು ಮುಗಿಸಿದೆ. ಅದಾದ ಮೇಲೆ ಅವಳು ಬರುವುದು ಕಡಿಮೆಯಾಯಿತು. ಫೋನಿನಲ್ಲಿ ಊಟ ಆಯಿತೇ, ಗುಳಿಗೆ ತಗೊಂಡೆಯಾ ಎಂದು ಕೇಳಿ ಇಡುತ್ತಿದ್ದಳು. ತಾಯಿಯ ಹಿಂದೆಯೇ ತಂದೆಯೂ ಹೋದ ಎಂದು ಅವಳಿಗೆ ಅನಿಸತೊಡಗಿತ್ತು. ಅದು ನನಗೆ ತಿಳಿಯುತ್ತಿತ್ತು. ಹೀಗೇ ಬಿಟ್ಟರೆ ಮಗಳು ಕೈಬಿಟ್ಟು ಹೋಗುತ್ತಾಳೆ ಎಂದೂ ತಿಳಿಯುತ್ತಿತ್ತು. ತಲೆಯವರೆಗೆ ಬಂದು ಅಲ್ಲೇ ನಿಲ್ಲುತ್ತಿತ್ತು, ಕೆಳಗೆ ಇಳಿಯುತ್ತಿರಲಿಲ್ಲ.

ಯುರೋಪು ಮಾಸ್ತರನ ತಲೆಯಿಂದ ಹುಟ್ಟಿದ್ದು. ನಾವು ಮೂವರೂ ಹುಮನಾಬಾದದ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು. ಮಾಸ್ತರ ಬಸವಕಲ್ಯಾಣದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾನೆ. ವರ್ಷ ವರ್ಷ ಮಕ್ಕಳನ್ನು ಕಲ್ಯಾಣದ ಕೋಟೆಗೆ ಕರಕೊಂಡು ಹೋಗಿ, ಮಾಳಿಗೆ ಬಿದ್ದ ಗೋಡೆಗಳ ನಡುವೆ ನಿಂತು, ಇಲ್ಲಿ ದರ್ಬಾರು ನಡೆಯುತ್ತಿತ್ತು, ಇದು ಒಂದು ಕಾಲಕ್ಕೆ ದೊಡ್ಡ ರಾಜಧಾನಿ ಎಂದು ಹೇಳಿ ಹೇಳಿ ಬೇಸತ್ತವನು. ಸಾಯುವುದರೊಳಗೆ ಮಾಳಿಗೆ ಇರುವ ಒಂದು ಅರಮನೆ ನೋಡಬೇಕು ಎನ್ನುವುದು ಅವನ ಹಳೆಯ ಹಂಬಲ. ಕಂಡಕ್ಟರ ಹೆಸರಿಗೆ ತಕ್ಕ ಹಾಗೆ ಕಂಡಕ್ಟರನೇ. ಹುಮನಾಬಾದ, ಬಸವಕಲ್ಯಾಣ, ಹುಲಸೂರ ಎಂದು ಒಂದೇ ದಾರಿಯಲ್ಲಿ ಹೋಗಿ ಬಂದು ಈಗ ನಿವೃತ್ತನಾಗಿದ್ದಾನೆ. ಹೈದರಾಬಾದಿನಿಂದ ಒಂದು ಗುಂಪು ಪ್ರವಾಸ ಹೊರಡುತ್ತದೆ, ಮೊದಲ ಶನಿವಾರ ರವಿವಾರ ವಿಯೆನ್ನಾ, ಆಮೇಲೆ ಬೇರೆ ಊರುಗಳು ಎಂದು ಇಬ್ಬರೂ ಅಂಗಡಿಗೆ ಬಂದು ಹೇಳಿದರು. ನಾನು ಹೂಂ ಎಂದೆ. ಆಗ ಯಾರು ಏನು ಕೇಳಿದರೂ ಹೂಂ ಎನ್ನುತ್ತಿದ್ದೆ, ಬೇಡ ಎನ್ನುವುದಕ್ಕೆ ಕಾರಣ ಹುಡುಕಬೇಕಾಗುತ್ತಿತ್ತು.

ದಿನ ನೋಡಿದಾಗ ಅವರ ಹುನ್ನಾರ ಗೊತ್ತಾಯಿತು. ಆ ರವಿವಾರ ಎಳ್ಳಮಾವಾಸ್ಯೆ.

ನಮ್ಮ ಕಡೆಯ ಎಳ್ಳಮಾವಾಸ್ಯೆ ನೋಡದವರಿಗೆ ಇಷ್ಟು ಹೇಳಿದರೆ ಸಾಕು: ಆ ದಿನ ಊರು ಖಾಲಿ, ಹೊಲ ತುಂಬಿರುತ್ತದೆ. ಬಜಾರಿನಲ್ಲಿ ನಾಯಿ ಕೂಡ ಸಿಗುವುದಿಲ್ಲ. ಹೊಲ ಇಲ್ಲದವರನ್ನು ಇದ್ದವರು ಕೈ ಹಿಡಿದು ಎಳೆದೊಯ್ಯುತ್ತಾರೆ. ಬುಟ್ಟಿ ತುಂಬ ಭಜ್ಜಿ, ಅಂಬಲಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ. ಭಜ್ಜಿ ಎಂದರೆ ಹೋಟೆಲಿನಲ್ಲಿ ಎಣ್ಣೆಗೆ ಬಿಡುವ ಭಜಿ ಅಲ್ಲ, ಹಸಿ ಕಾಳು, ಸೊಪ್ಪು, ಕಾಯಿಪಲ್ಯೆ ಎಲ್ಲ ಕೂಡಿಸಿ ಕುದಿಸಿದ್ದು. ತಂದದ್ದನ್ನು ಮೊದಲು ಹೊಲಕ್ಕೆ ಚೆಲ್ಲಬೇಕು, ಅದಕ್ಕೆ ಚರಗ ಎನ್ನುತ್ತೇವೆ. ಭೂಮಿ ಉಂಡ ಮೇಲೆ ಮನುಷ್ಯರ ಊಟ. ನಮ್ಮದು ಕೊಡಂಬಲದ ಕಡೆ ಸ್ವಲ್ಪ ಹೊಲ ಇದೆ. ಹೆಂಡತಿ ಹೋದಮೇಲೆ ನಾನು ಅತ್ತ ಕಾಲಿಟ್ಟಿರಲಿಲ್ಲ. ಪಾಲಿಗೆ ಕೊಟ್ಟಿದ್ದರಿಂದ ಜೋಳ ತನ್ನ ಪಾಡಿಗೆ ಬೆಳೆದಿತ್ತು.

ಮಗಳೂ ಈ ಹುನ್ನಾರದಲ್ಲಿ ಪಾಲುದಾರಳೇ. ಆ ದಿನ ಅಪ್ಪನನ್ನು ಹೊಲದಿಂದ ದೂರ ಇಡಿ, ನಾನೂ ಫೋನು ಮಾಡುವುದಿಲ್ಲ ಎಂದು ಗೆಳೆಯರಿಗೆ ಹೇಳಿದ್ದಳಂತೆ. ಹೊಲದಲ್ಲೂ ನಾನು ಚಹಾದ ಕಪ್ಪು ಹಿಡಿದವನ ಹಾಗೆ ನಿಂತುಬಿಟ್ಟರೆ ಅದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ ಎಂದು ನನ್ನ ಅಂದಾಜು. ಹೊರಡುವ ದಿನ ಹುಮನಾಬಾದಕ್ಕೆ ಬಂದು ನನ್ನ ಪೆಟ್ಟಿಗೆಯ ಮೇಲೆ ಕೂತು ಜಿಪ್ಪು ಎಳೆದಳು.

"ವರ್ಷ ತುಂಬೂತನಕ ಹಬ್ಬ ಮಾಡಬಾರದು ಅಂತಾರ ಎಲ್ಲಾರೂ. ಮನಿಗಿ ಇರ್ಲಿ. ಹೊಲ ಯಾಕ ಉಪಾಸ ಇರಬೇಕು? ಬಾಜು ಹೊಲದ ದೊಡ್ಡವ್ವ ಬುತ್ತಿ ತರ್ತಾಳಂತ. ನಾ ಹೋಗಿ ಚೆಲ್ಲಿ ಬರ್ತೀನಿ. ನೀ ಆರಾಮ ಹೋಗಿ ಬಾ."

"ಹೂಂ," ಎಂದೆ.

ಇನ್ನೇನಾದರೂ ಅನ್ನುತ್ತೇನೋ ಎಂದು ಜಿಪ್ಪು ಹಿಡಿದುಕೊಂಡೇ ಕಾದಳು. ಅಷ್ಟರಲ್ಲಿ ಹೈದರಾಬಾದಿನ ಗಾಡಿ ಬಂತು.

ಆ ಚರ್ಚಿನಿಂದ ಹಿಡಿದು ಶನಿವಾರ ಪೂರ್ತಿ ವಿಯೆನ್ನಾ ನೋಡಿದೆವು. ಮಾಳಿಗೆ ಇರುವ ಅರಮನೆ ಸಿಕ್ಕಿತು, ಮಾಸ್ತರ ಒಂದೊಂದು ಕೋಣೆಯಲ್ಲೂ ಬಾಯಿ ತೆರೆದು ನಿಂತು ಗುಂಪಿನವರಿಂದ ಬೈಸಿಕೊಂಡ. ಹೊರಗೆ ಬಂದವನೇ ತಕರಾರು ಶುರು ಮಾಡಿದ.

"ನಮ್ಮ ಕಲ್ಯಾಣ ರಾಜಧಾನಿ ಆಗಿದ್ದಾಗ ಇದು ಹಳ್ಳಿ ಇದ್ದಿರಬೇಕು, ನೋಡು."

"ಇದ್ದಿರಬೇಕು. ಆದ್ರ ಇವ್ರು ಮಾಳಿಗಿ ಸಂಭಾಳಿಸ್ಯಾರ. ನೀವು ಹಿಸ್ಟರಿ ಮಾಸ್ತರುಗೋಳು ಏನ್ ಮಾಡೀರಿ?" ಎಂದ ಕಂಡಕ್ಟರ.

ಇಬ್ಬರೂ ಟ್ರಾಮಿನಲ್ಲಿ ಜಗಳ ಮುಂದುವರಿಸಿದರು. ಮೊದಲಾಗಿದ್ದರೆ ನಾನು ನಡುವೆ ಒಂದು ಕಡ್ಡಿ ಗೀರಿ ಹಾಕಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದೆ. ಈಗ ಕಿಟಕಿಯ ಹೊರಗೆ ನೋಡುತ್ತ ಕೂತೆ. ಚೊಕ್ಕ ಬೀದಿಗಳು. ದೀಪ ಹಚ್ಚಿದ ಸಂತೆ, ಜನ ಬಿಸಿ ದ್ರಾಕ್ಷಾರಸದ ಕಪ್ಪು ಹಿಡಿದು ಹಬೆ ಊದುತ್ತ ನಿಂತಿದ್ದರು. ಕಂಡಕ್ಟರ ನನ್ನನ್ನು ಒಂದು ಕುದುರೆಗಾಡಿಯ ಮುಂದೆ ನಿಲ್ಲಿಸಿ ಫೋಟೊ ತೆಗೆದು, "ಜರಾ ನಗು," ಎಂದ. ನಕ್ಕೆ. ಫೋಟೊ ನೋಡಿದ ಮಾಸ್ತರ ಫೋನು ವಾಪಸು ಕೊಟ್ಟ.

ಸಂಜೆ ಕೋಣೆಯಲ್ಲಿ ಕಂಡಕ್ಟರ ರೊಟ್ಟಿಯ ಗಂಟು ಬಿಚ್ಚಿದ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ. ಅದರ ಕೆಳಗಿನಿಂದ ಬಿಗಿಯಾಗಿ ಮುಚ್ಚಿದ ಒಂದು ಸ್ಟೀಲ್ ಡಬ್ಬಿ ಬಂತು. ಮುಚ್ಚಳ ತೆಗೆದೊಡನೆ ಮಾಸ್ತರನ ಮುಖ ಕಪ್ಪಿಟ್ಟಿತು. ಭಜ್ಜಿ. ವರ್ಷದಲ್ಲಿ ಒಂದೇ ಹಬ್ಬಕ್ಕೆ ಅದನ್ನು ಮಾಡುವುದು, ಬೇರೆ ದಿನ ಯಾರೂ ಅಷ್ಟೆಲ್ಲ ಕೂಡಿಸುವುದಿಲ್ಲ.

"ಯಾಕ ತಂದಿಯೋ ಇದನ್ನ?" ಎಂದು ಮಾಸ್ತರ ಹಲ್ಲು ಕಡಿದ.

"ನಾ ಎಲ್ಲಿ ತಂದೆ? ನಮ್ಮ ಮನಿಯಾಕಿ ಇಟ್ಟಾಳ, ನಂಗ ಗೊತ್ತೇ ಇಲ್ಲ. ಹಬ್ಬ ಅದ ಅಂತ…" ಎಂದು ಕಂಡಕ್ಟರ ಅರ್ಧಕ್ಕೆ ನಾಲಗೆ ಕಚ್ಚಿಕೊಂಡ.

ನಾನು ಒಂದು ರೊಟ್ಟಿ ಮುರಿದು ಭಜ್ಜಿ ಹಚ್ಚಿಕೊಂಡು ತಿಂದೆ. ಉಪ್ಪು ಖಾರ ಬರೋಬ್ಬರಿ ಇದೆಯೇ ಎಂದು ಕೇಳಿದರು. ಇದೆ ಎಂದೆ. ಇದ್ದಿರಬೇಕು. ಉಳಿದದ್ದನ್ನು ಕೆಡದಿರಲೆಂದು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಚಳಿಗೆ ಇಟ್ಟ ಕಂಡಕ್ಟರ. ನಾಳೆ ಸಂಜೆ ನನ್ನನ್ನು ಒಂದು ದೊಡ್ಡ ತೊಟ್ಟಿಲು ಚಕ್ರದಲ್ಲಿ ಕೂಡಿಸಿ, ಹೊಲದಲ್ಲಿ ಚರಗ ಮುಗಿಯುವತನಕ ಮೇಲೆಯೇ ತಿರುಗಿಸಬೇಕು ಎಂದು ಇಬ್ಬರೂ ಬಾತ್‌ರೂಮಿನಲ್ಲಿ ಪಿಸುಗುಟ್ಟುವುದು ನನಗೆ ಕೇಳಿಸುತ್ತಿತ್ತು. ಹೊತ್ತಿನ ಲೆಕ್ಕ ಕಂಡಕ್ಟರನಿಗೆ ಬಿಟ್ಟಿತ್ತು. ಜನ್ಮವಿಡೀ ವೇಳೆಗೆ ಸರಿಯಾಗಿ ಸೀಟಿ ಊದಿದವನು, ಯಾರು ಅನುಮಾನ ಪಡುತ್ತಾರೆ?

ರವಿವಾರ ಬೆಳಿಗ್ಗೆ ಹೋಟೆಲಿನ ತಿಂಡಿಯ ಕೋಣೆಯಲ್ಲಿ ಕೂತಿದ್ದೆವು. ಹೊರಗೆ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಸುತ್ತ ಬಿಳಿ ಮಂದಿ ಚಮಚದ ಸದ್ದು ಕೂಡ ಆಗದ ಹಾಗೆ ತಿನ್ನುತ್ತಿದ್ದರು. ಕಂಡಕ್ಟರ ನಿರಾಳವಾಗಿ ಬ್ರೆಡ್ಡಿಗೆ ಶೇಂಗಾ ಹಿಂಡಿ ಉದುರಿಸುತ್ತಿದ್ದ. ಆಗ ನನ್ನ ಫೋನು ಬಡಕೊಂಡಿತು. ವಿಡಿಯೋ ಕಾಲ್, ಬಾಜು ಹೊಲದ ಅಕ್ಕನದು, ಮಗಳು ದೊಡ್ಡವ್ವ ಎನ್ನುವವಳದು. ನಮ್ಮ ಬದುವಿಗೆ ಹತ್ತಿದ ಹೊಲ ಆಕೆಯದು. ನನಗಿಂತ ದೊಡ್ಡವಳು, ನನ್ನ ಹೆಂಡತಿಯ ಗೆಳತಿ. ತೆರೆಯ ತುಂಬ ಆಕೆಯ ಕಿವಿ ಕಂಡಿತು.

"ಅಕ್ಕಾ, ಕಿವಿಗಿ ಹಚ್ಚಬ್ಯಾಡ, ಮುಂದ ಹಿಡಿ."

"ತಮ್ಮಾ, ನಿನ್ನ ಮಗಳು ನಡು ಹೊಲದಾಗ ನಿಂತುಬಿಟ್ಟಾಳ ನೋಡು. ಚರಗದ ಬುಟ್ಟಿ ಹಿಡ್ಕೊಂಡು ಕೂಗಾಕತ್ತಾಳ, ಹಿಂದ ಓ ಅನ್ನಾವ್ರಿಲ್ಲ. ಅಳಿಯಗ ದವಾಖಾನ್ಯಾಗ ಡ್ಯೂಟಿ, ಬಂದಿಲ್ಲ. ನಾ ಅಂತೀನಿ ಅಂದ್ರ, ಈ ಹೊಲದ ಕಾಳ ಉಂಡವ್ರೇ ಅನ್ನಬೇಕು ದೊಡ್ಡವ್ವಾ ಅಂತಾಳ. ನಿನಗ ಫೋನ್ ಹಚ್ಚಬ್ಯಾಡ ಅಂತ ಆಣಿ ಹಾಕ್ಯಾಳ. ನಾ ಕೇಳಲಿಲ್ಲ."

ಮಾಸ್ತರ ಕಂಡಕ್ಟರನ ಕಡೆ ತಿರುಗಿದ. "ಸಂಜಿ ಅಂದಿದ್ದಿಯಲ್ಲಲೇ!"

ಕಂಡಕ್ಟರ ಬೆರಳು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ಅಲ್ಲಿ ಸೂರ್ಯ ಮೊದಲ್ ಹುಟ್ತಾನಲ್ಲೋ… ಉಲ್ಟಾ ಆತು," ಎಂದ. ಅಲ್ಲಿ ಆಗಲೇ ಮಧ್ಯಾಹ್ನ, ಬುತ್ತಿ ಬಿಚ್ಚುವ ಹೊತ್ತು.

ಚರಗದಲ್ಲಿ ಇಬ್ಬರಿರುತ್ತಾರೆ. ಮುಂದಿನವರು ಕೂಗುತ್ತ ಅನ್ನ ಚೆಲ್ಲುತ್ತಾರೆ, ಹಿಂದಿನವರು ಅದರ ಮೇಲೆ ನೀರು ಚಿಮುಕಿಸುತ್ತ ಓಗೊಡುತ್ತಾರೆ. ಆ ಕೂಗು ಏನೆಂದು ಬರೆಯುವುದಿಲ್ಲ. ಊರಿಂದ ಊರಿಗೆ ಬೇರೆ, ಕಾಗದದ ಮೇಲೆ ಹಾಕಿದರೆ ಬರೀ ಸದ್ದು. ನಮ್ಮ ಮನೆಯ ಕಟ್ಟು ಒಂದಿದೆ: ಹಿಂದಿನಿಂದ ಓ ಬರದೆ ಮುಂದಿನವರು ಹೆಜ್ಜೆ ಇಡುವಂತಿಲ್ಲ, ಸುತ್ತು ಮುಗಿಯುವತನಕ ತಿರುಗಿ ನೋಡುವಂತಿಲ್ಲ. ಮದುವೆಯಾದ ವರ್ಷದಿಂದ ಮುಂದೆ ನಾನು, ಹಿಂದೆ ಅವಳು. ಬೆಳಿಗ್ಗೆ ಮನೆಯಲ್ಲಿ ಏನಾದರೂ ಜಗಳವಾಗಿದ್ದರೆ ಅದರ ಲೆಕ್ಕ ಹೊಲದಲ್ಲಿ ಚುಕ್ತಾ ಆಗುತ್ತಿತ್ತು. ನಾನು ಕೂಗಿ ನಿಲ್ಲುವೆನು. ಹಿಂದಿನಿಂದ ಸದ್ದೇ ಇಲ್ಲ. ಅವಳು ಸೆರಗು ಸರಿಮಾಡಿಕೊಳ್ಳುವಳು, ಕಾಲಿನ ಮುಳ್ಳು ತೆಗೆಯುವಳು, ತಂಬಿಗೆಯಿಂದ ತಾನೇ ಒಂದು ಗುಟುಕು ನೀರು ಕುಡಿಯುವಳು. ಸುತ್ತಲ ಹೊಲದ ಮಂದಿ, "ಏನ್ರೀ, ಸಿಗ್ನಲ್ ಬಿದ್ದಿಲ್ಲೇನು?" ಎಂದು ನಗುವರು. ನಾನು ಬುಟ್ಟಿ ಹಿಡಿದು ಬೆಪ್ಪನ ಹಾಗೆ ನಿಂತಿರುವೆನು. ಮಗಳು ಬದುವಿನ ಮೇಲೆ ಕೂತು ಚಪ್ಪಾಳೆ ತಟ್ಟುವಳು. ಆಮೇಲೆ, ತನಗೆ ಸಾಕು ಅನಿಸಿದ ಮೇಲೆ, ಹಿಂದಿನಿಂದ ಅವಳ ಓ ಬರುತ್ತಿತ್ತು.

"ಅಕ್ಕಾ, ಫೋನ್ ಆಕಿ ಕಡಿ ತಿರುಗಿಸಿ, ಹಿಂದ ಹಿಂದ ನಡಿ," ಎಂದೆ.

ಮಗಳ ಬೆನ್ನು ಕಂಡಿತು. ಸೀರೆಯ ಮೇಲೆ ಶಾಲೆಗೆ ಹಾಕುವ ಸ್ವೆಟರು. ಎರಡೂ ಬದಿ ತೆನೆ ಹೊರಡುತ್ತಿರುವ ಜೋಳ, ಬಿಸಿಲಿಗೆ ಕಣ್ಣು ಚುಚ್ಚುವಷ್ಟು ಹಸಿರು.

"ಮಗಾ," ಎಂದೆ.

ಬೆನ್ನು ಸೆಟೆದುಕೊಂಡಿತು, ತಿರುಗಲಿಲ್ಲ. "ಅಪ್ಪಾ? ದೊಡ್ಡವ್ವ ನಿಂಗ್ಯಾಕ ಹಚ್ಚಿದಳು? ಬ್ಯಾಡ ಅಂದಿದ್ದೆ. ನೀ ಹೋಗು, ಊರ ನೋಡು."

"ಕೂಗವ್ವಾ. ಹಿಂದ ನಾ ಇದ್ದೀನಿ."

ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. ಆಮೇಲೆ ಅವಳು ಕೂಗಿದಳು. ನನ್ನ ಕೂಗೇ. ನಾನು ಎಲ್ಲಿ ಎಳೆಯುತ್ತಿದ್ದೆನೋ ಅಲ್ಲೇ ಎಳೆದು, ಎಲ್ಲಿ ನಿಲ್ಲಿಸುತ್ತಿದ್ದೆನೋ ಅಲ್ಲೇ ನಿಲ್ಲಿಸಿದಳು.

ನಾನು ಓ ಎನ್ನಬೇಕಿತ್ತು. ಬಾಯಿ ತೆರೆದೆ. ಆ ಓ ನಾನು ಒಂದು ದಿನವೂ ಅಂದದ್ದಲ್ಲ. ಅದು ಯಾವಾಗಲೂ ಹಿಂದಿನಿಂದ ಬರುತ್ತಿತ್ತು, ನಾನು ಕೇಳಿಸಿಕೊಂಡು ಮುಂದೆ ಹೋಗುತ್ತಿದ್ದೆ. ಈಗ ಆ ಜಾಗದಲ್ಲಿ ನಾನೇ ನಿಂತಿದ್ದೆ, ಅಲ್ಲಿ ಅವಳು ಇರಲಿಲ್ಲ. ಆರು ತಿಂಗಳಿಂದ ಅವಳು ಸತ್ತದ್ದು ನನಗೆ ಗೊತ್ತಿತ್ತು, ಚರ್ಚು ಎತ್ತರ ಇದೆ ಎಂದು ಗೊತ್ತಾದ ಹಾಗೆ. ಅದು ಮೈಗೆ ಗೊತ್ತಾದದ್ದು ಆ ತಿಂಡಿಯ ಕೋಣೆಯಲ್ಲಿ. ತೆರೆದ ಬಾಯಿ ತೆರೆದೇ ಉಳಿಯಿತು. ಮಾಸ್ತರನಿಗೆ ಚರಗದ ಕೂಗು ಗೊತ್ತು. ನನ್ನ ಅವಸ್ಥೆ ಕಂಡು ತಾನೇ ಓ ಎನ್ನಲು ಬಾಯಿ ತೆರೆದ. ಆ ಬಾಯಿಯ ಮೇಲೆ ನನ್ನ ಅಂಗೈ ಒತ್ತಿ ಹಿಡಿದೆ.

ಮಗಳು ಬುಟ್ಟಿ ಹಿಡಿದು ನಿಂತೇ ಇದ್ದಳು. ಕಾದಳು. ಕಂಡಕ್ಟರ ಕುರ್ಚಿಯಿಂದ ಎದ್ದು ನಿಂತ. ಹೊಲದಲ್ಲಿ ಮಗಳು, ತಿರುಗದೆಯೇ, ಸ್ವಲ್ಪ ತಲೆ ಓರೆ ಮಾಡಿ ಹೇಳಿದಳು:

"ಅಪ್ಪಾ, ಅವ್ವನಂಗ ಸತಾಯಿಸಬ್ಯಾಡಪ್ಪಾ. ಹೊತ್ತಾಗ್ತದ."

ನಾನು ಓ ಎಂದೆ. ಓ ಎಂದದ್ದು ಅಳುವಾಗಿ ಹೊರಬಿತ್ತು, ಬಿದ್ದದ್ದು ನಿಲ್ಲಲಿಲ್ಲ. ಸುತ್ತ ಕೂತವರೆಲ್ಲ ತಿನ್ನುವುದು ಬಿಟ್ಟು ನೋಡಿದರು, ನೋಡಲಿ. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಇನ್ನೂ ಜೋರಾಗಿ, ಮೂಗು ಸುರಿಸುತ್ತಲೇ ಓಗೊಟ್ಟೆ. ಅವಳ ಹೆಗಲು ಅಲುಗತೊಡಗಿತು. ತಿರುಗಿ ನೋಡುವಂತಿರಲಿಲ್ಲ, ನೋಡಲಿಲ್ಲ. ಸ್ವೆಟರಿನ ತೋಳಿನಿಂದ ಮುಖ ಒರೆಸಿಕೊಂಡು, ಬುಟ್ಟಿಯಿಂದ ಒಂದು ಹಿಡಿ ಚೆಲ್ಲಿ, ಒಂದು ಹೆಜ್ಜೆ ಮುಂದೆ ಇಟ್ಟು, ಮತ್ತೆ ಕೂಗಿದಳು.